ಕೊಪ್ಪಳದ ಸಾಲಿಯ ಪರದೆ

ಕೊಪ್ಪಳದ ಸ್ಟೇಷನ್ನಿನಲ್ಲಿ ನಾನು ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ, ಗುರುತು ಪರಿಚಯವಿಲ್ಲದ ಒಬ್ಬ ಗಂಡಸು ನಮ್ಮಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಗೊಜ್ಜಿನ ಜಾಡಿಗೆ ಬೆರಳು ಅದ್ದಿ ನೆಕ್ಕಿದ. ಅವನು ಕರೋಡಗಿರಿಯ ಜವಾನ. ಕರೋಡಗಿರಿ ಎಂದರೆ ನಿಜಾಮರ ಸೀಮೆಯೊಳಕ್ಕೆ ಬರುವ ಸಾಮಾನಿಗೆಲ್ಲ ಸುಂಕ ಹಾಕುವ ಇಲಾಖೆ. ಮೈಸೂರಿನಿಂದ ರೈಲಿನ ಮೇಲೆ ರೈಲು ಬದಲಾಯಿಸಿಕೊಂಡು ಬಂದವಳ ಟ್ರಂಕನ್ನು ನೆಲದ ಮೇಲೆ ಬಿಚ್ಚಿಸಿ, ಸೀರೆ ಕುಪ್ಪಸಗಳನ್ನು ಒಂದೊಂದಾಗಿ ಎತ್ತಿ ಕೊಡವಿ ನೋಡಿದ. ಕೊನೆಗೆ ಆ ಜಾಡಿ ಸಿಕ್ಕಿದಾಗ ಅವನ ಕಣ್ಣು ಅರಳಿತು. ಕರ್ರಗೆ, ಅಂಟಂಟಾಗಿ ಇದ್ದ ಅದನ್ನು ಅವನು ಅಫೀಮು ಎಂದುಕೊಂಡಿದ್ದ.

"ಏನ್ರಿ ಇದು?" ಎಂದು ಗದರಿಸಿದ. ನನ್ನನ್ನು ಬಿಡಲು ಬಂದಿದ್ದ ಚಿಕ್ಕಪ್ಪ "ಗೊಜ್ಜು" ಎಂದರು. ಆ ಮಾತು ಅವನಿಗೆ ತಿಳಿಯಲಿಲ್ಲ. ಬೆರಳು ಹೋಯಿತು, ನಾಲಿಗೆ ಹೊರಬಂತು. ಒಂದು ಸಲಕ್ಕೆ ಖಾತ್ರಿಯಾಗದೆ ಇನ್ನೊಂದು ಸಲ ನೆಕ್ಕಿದ. ಆಮೇಲೆ ಜೊತೆಯವನನ್ನು ಕೂಗಿದ: "ಅಫೀಮ್ ಅಲ್ಲೋ, ಹುಣಸಿಹಣ್ಣ ಐತಿ. ಛಲೋ ಐತಿ, ಬಾ ಇಲ್ಲೆ." ಅವನೂ ಬಂದು ಬೆರಳು ಅದ್ದಿದ. ಆ ಜಾಡಿಯನ್ನು ನಾನು ಸ್ಟೇಷನ್ನಿನ ಹೊರಗೆ ಒಂದು ಕಲ್ಲಿನ ಮೇಲೆ ಇಟ್ಟು, ತಿರುಗಿ ನೋಡದೆ ಬಂಡಿ ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಾಯೊಳಗೇ ಯಾರೋ ಬೆರಳು ಇಟ್ಟಂತೆ ಹೇಸಿಗೆಯಾಗುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಆಗ ನನಗೆ ಇಪ್ಪತ್ತಮೂರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಹೋಗಿದ್ದರು. ಅಪ್ಪ ನೆಂಟರಿಷ್ಟರ ಬಾಯಿಗೆ ಬಿದ್ದು ನನ್ನನ್ನು ಟ್ರೈನಿಂಗ್ ಸ್ಕೂಲಿಗೆ ಕಳಿಸಿದ್ದರು. ಓದು ಮುಗಿದ ಮೇಲೆ ಮೈಸೂರಿನಲ್ಲಿ ಕೆಲಸ ಖಾಲಿ ಇರಲಿಲ್ಲ. ಕೊಪ್ಪಳದಲ್ಲಿ ಊರ ಸಾಹುಕಾರರು ಸೇರಿ ನಡೆಸುವ ಹೆಣ್ಣುಮಕ್ಕಳ ಖಾಸಗಿ ಶಾಲೆಯೊಂದಿದೆ, ಕನ್ನಡಕ್ಕೂ ಲೆಕ್ಕಕ್ಕೂ ಒಬ್ಬ ಉಪಾಧ್ಯಾಯಿನಿ ಬೇಕಂತೆ, ಇರಲು ಕೋಣೆ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಎರಡು ವರ್ಷ ಇದ್ದು ವಾಪಸು ಬರುವುದೆಂದು ಮಾತಾಯಿತು. ಇದನ್ನು ಬರೆಯುವ ಹೊತ್ತಿಗೆ ನಾನು ಇಲ್ಲಿಗೆ ಬಂದು ಎಂಟನೆಯ ವರ್ಷ ನಡೆಯುತ್ತಿದೆ.

ಶಾಲೆ ಇದ್ದದ್ದು ಒಂದು ಹಳೆಯ ವಾಡೆಯಲ್ಲಿ. ದಪ್ಪ ಮಣ್ಣಿನ ಗೋಡೆ, ಬಗ್ಗಿ ಹೋಗುವ ಬಾಗಿಲು, ನಡುವೆ ಅಂಗಳ. ಆ ಅಂಗಳದ ಕೆಳಗೆ ಹಗೇವು ಇತ್ತು. ನಮ್ಮ ಕಡೆಯ ಓದುಗರಿಗೆ ಹಗೇವು ಎಂದರೆ ಗೊತ್ತಾಗಲಿಕ್ಕಿಲ್ಲ. ನೆಲದೊಳಗೆ ಆಳುದ್ದ ಗುಂಡಿ ತೋಡಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿಬಿಡುತ್ತಾರೆ. ಬೇಕಾದಾಗ ಬಾಯಿ ತೆಗೆಯುತ್ತಾರೆ. ನಾನು ಬಂದ ಮಾರನೆಯ ದಿನವೇ ಅದರ ಬಾಯಿ ತೆಗೆದರು. ಒಳಗಿನಿಂದ ಎದ್ದ ಬಿಸಿ ಹುಳಿ ನಾತಕ್ಕೆ ನಾನು ಅಂಗಳದ ಮೂಲೆಗೆ ಓಡಿ ವಾಂತಿ ಮಾಡಿಕೊಂಡೆ. ಅದೇ ಜೋಳದ ರೊಟ್ಟಿಯನ್ನು ಮಧ್ಯಾಹ್ನ ತಟ್ಟೆಗೆ ಹಾಕಿದರು. ರೊಟ್ಟಿ ಮುರಿದರೆ ಗುಂಡಿಯ ವಾಸನೆ, ಕೈ ತೊಳೆದರೂ ಗುಂಡಿಯ ವಾಸನೆ.

ಇನ್ನು ನೀರು. ಅಂಗಳದ ಬಾವಿಯದು ಸವಳು ನೀರು, ಉಪ್ಪುಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರಾಗುತ್ತದೆ. ನಮ್ಮ ಮೈಸೂರಿನಲ್ಲಿ ನಲ್ಲಿ ತಿರುಗಿಸಿದರೆ ಬರುತ್ತಿದ್ದ ನೀರನ್ನು ನೆನೆದು ನಾನು ಒಂದು ದಿನ ನಿಜವಾಗಿಯೂ ಅತ್ತೆ. ಅನ್ನ ಹದಿನೈದು ದಿನಕ್ಕೊಮ್ಮೆ ಸಿಕ್ಕಿದರೆ ಹಬ್ಬ. ನೊಣಗಳಂತೂ ಮಕ್ಕಳ ಜೊತೆ ಹಾಜರಿ ಹಾಕಿಸಿಕೊಳ್ಳುವಷ್ಟು ಸಲಿಗೆಯಿಂದ ಇದ್ದವು.

ಇದನ್ನೆಲ್ಲ ನಾನು ತಂಗಿ ಸಾವಿತ್ರಿಗೆ ಬರೆಯುತ್ತಿದ್ದೆ. ಹಗೇವು, ಸವಳು ನೀರು, ಜವಾನನ ನಾಲಿಗೆ, ಇಲ್ಲಿಯವರ "ರಿ" "ರಿ" ಎಲ್ಲವನ್ನೂ ಬಣ್ಣ ಕಟ್ಟಿ ಬರೆದೆ. ಆ ಕಾಗದಗಳನ್ನು ಅವಳು ಸಂಜೆ ನಡುಮನೆಯಲ್ಲಿ ಓದುತ್ತಾಳಂತೆ, ಅಕ್ಕಪಕ್ಕದವರೂ ಬಂದು ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ಆ ನಗುವಿನ ಸುದ್ದಿ ಬಂದಾಗಲೆಲ್ಲ ನನಗೆ ಹುರುಪು. ಮುಂದಿನ ಕಾಗದಕ್ಕೆ ಏನು ಹೇಸಿಗೆ ಸಿಕ್ಕೀತು ಎಂದು ನಾನು ಹುಡುಕಿಕೊಂಡು ತಿರುಗುತ್ತಿದ್ದೆ. ಹುಡುಕುವವಳಿಗೆ ಕೊರತೆ ಆಗಲಿಲ್ಲ.

ಶಾಲೆಯಲ್ಲಿ ಎರಡು ಬಗೆಯ ಹುಡುಗಿಯರು. ಊರಿನ ಅಡತಿ ಅಂಗಡಿಗಳ, ಹತ್ತಿ ವ್ಯಾಪಾರದ ಮನೆಗಳ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಹೋಗುವವರು. ಅಧಿಕಾರಿಗಳ ಮನೆಯ ಹೆಂಗಸರನ್ನು ನೋಡಿ ನೋಡಿ ಈ ಮನೆಗಳಿಗೂ ಪರದೆಯ ಗೀಳು ಹಿಡಿದಿತ್ತು. ಹಾಗಾಗಿ ಸುತ್ತಲೂ ಬಟ್ಟೆ ಕಟ್ಟಿದ ಬಂಡಿಯಲ್ಲಿ ಬರುತ್ತಿದ್ದರು. ಇನ್ನೊಂದು ಬಗೆಯವರು ತಳಕಲ್, ಬೇವೂರು, ಮಂಗಳೂರು ಇಂಥ ಯಲಬುರ್ಗಾ ಕಡೆಯ ಹಳ್ಳಿಗಳ ಒಕ್ಕಲಿಗರ ಮಕ್ಕಳು. ಅವರು ವಾಡೆಯಲ್ಲೇ ಉಳಿಯುವವರು. ಕಸ ಗುಡಿಸುವುದು, ರೊಟ್ಟಿ ಬಡಿಯುವುದು ಅವರ ಪಾಲಿಗೆ. ಹಾಜರಿ ಪುಸ್ತಕದಲ್ಲಿ ಬಂಡಿಯವರ ಹೆಸರು ಮೊದಲು, ಉಳಿಯುವವರ ಹೆಸರು ಕೊನೆಗೆ. ಮಂಗಳೂರು ಎಂದೊಡನೆ ಕರಾವಳಿಯದೆಂದುಕೊಂಡು ಓದುಗರು ಸಮುದ್ರ ನೆನೆಯಬಾರದು. ಇದು ಕಪ್ಪು ನೆಲದ ನಡುವಿನ ದೊಡ್ಡ ಹಳ್ಳಿ.

ಕನ್ನಡ, ಲೆಕ್ಕ, ಹೊಲಿಗೆಯನ್ನು ನಾವು ಹೆಂಗಸರು ಕಲಿಸುತ್ತಿದ್ದೆವು. ಅಖ್ಲಾಖ್ ಎಂದು ಒಂದು ಪಾಠವಿತ್ತು. ಅಂದರೆ ನೀತಿಪಾಠ. ಸುಳ್ಳು ಹೇಳಬಾರದು, ಪರರ ಶ್ರಮ ಕದಿಯಬಾರದು ಇತ್ಯಾದಿ. ಅದೂ ನನ್ನ ಪಾಲಿಗೇ ಬಂದಿತ್ತು. ಸರ್ಕಾರಿ ಭಾಷೆ ಉರ್ದು. ಅದು ಬಾರದಿದ್ದರೆ ಮುಂದಿನ ಓದಿಗೆ ದಾರಿ ಇಲ್ಲ. ಉರ್ದು ಕಲಿಸುವವರು ಒಬ್ಬ ಮುದುಕ ಮುನ್ಷಿ ಸಾಹೇಬರು. ಗಂಡಸಾದ್ದರಿಂದ ಅವರು ಪಡಸಾಲೆಯಲ್ಲಿ, ಹುಡುಗಿಯರು ಒಳಕೋಣೆಯಲ್ಲಿ, ನಡುವೆ ದಪ್ಪ ಜಮಖಾನೆಯ ಪರದೆ. ವರ್ಷಾನುಗಟ್ಟಲೆ ಪಾಠ ಹೇಳಿಯೂ ಅವರು ಒಬ್ಬ ಹುಡುಗಿಯ ಮುಖವನ್ನೂ ನೋಡಿರಲಿಲ್ಲ. ಪುಸ್ತಕ, ಪಾಟಿಗಳು ಪರದೆಯ ಕೆಳಗಿಂದ ಹೋಗಿ ಬರುತ್ತಿದ್ದವು. ಮೊದಲ ದಿನ ಇದನ್ನು ಕಂಡು ನಾನು ಬಾಯಿಗೆ ಸೆರಗು ಹಿಡಿದು ನಕ್ಕು, ಸಂಜೆಯೇ ಸಾವಿತ್ರಿಗೆ ಬರೆದೆ.

ಉಳಿಯುವವರಲ್ಲಿ ನಾಗವ್ವ ಎಂಬ ಹುಡುಗಿ ಇದ್ದಳು. ಬೇವೂರಿನ ಹನಮಪ್ಪ ಎಂಬ ರೈತನ ಮಗಳು, ಹದಿಮೂರು ವರ್ಷ. ಉದ್ದ ಕೈಕಾಲು, ಸದಾ ಎಣ್ಣೆ ಕಾಣದ ತಲೆ, ಬಾಯಲ್ಲಿ ಲೆಕ್ಕ. ನಾನು ಕರಿಹಲಗೆಯ ಮೇಲೆ ಬರೆದು ತಿರುಗುವುದರೊಳಗೆ ಅವಳ ಬಳಿ ಉತ್ತರ ಇರುತ್ತಿತ್ತು. ಉರ್ದುವನ್ನು ಕಿವಿಯಿಂದಲೇ ಕುಡಿದವಳು. ಮುನ್ಷಿಯವರ ಉಚ್ಚಾರವನ್ನು ಅವರ ಕೆಮ್ಮಿನ ಸಮೇತ ಆಡಿ ತೋರಿಸುತ್ತಿದ್ದಳು. ನಾನು ಬಂದ ಮೊದಲ ವಾರ ಸವಳು ನೀರು ಸೇರದೆ ಸೊರಗುತ್ತಿದ್ದುದನ್ನು ಅವಳೇ ಮೊದಲು ಕಂಡದ್ದು.

"ಬಾಯಾರ, ನಿಮಗ ಈ ನೀರು ಆಗಿಬರಂಗಿಲ್ಲ" ಎಂದಳು. ಇಲ್ಲಿ ಶಾಲೆಯ ಉಪಾಧ್ಯಾಯಿನಿಗೆ ಬಾಯಾರು ಎನ್ನುತ್ತಾರೆ. "ಊರ ಹೊರಗ ಒಂದು ಸಿಹಿನೀರಿನ ಬಾವಿ ಐತ್ರಿ. ದಿನಾ ಒಂದ ಕೊಡ ತರ್ತೀನಿ."

"ಅಷ್ಟು ದೂರದಿಂದ ಯಾಕೆ?" ಎಂದೆ.

"ದೂರ ಏನ್ರಿ ಅದು, ಹೋಗಿಬರೂದರಾಗ ಹದಿನೇಳರ ಮಗ್ಗಿ ಮೂರ ಸಲ ಆಕ್ಕೈತಿ" ಎಂದು ನಕ್ಕಳು.

ಅಂದಿನಿಂದ ದಿನವೂ ನನ್ನ ಕೋಣೆಯ ಬಾಗಿಲಲ್ಲಿ ಸಿಹಿನೀರಿನ ಕೊಡ. ನಾನು ಬೇಡವೆನ್ನಲಿಲ್ಲ. ರೊಟ್ಟಿ ಬಡಿಯುವುದನ್ನೂ ಅವಳೇ ಕಲಿಸಿದಳು. ನನ್ನ ಮೊದಲ ರೊಟ್ಟಿ ಹರಿದು ಮೂರು ತುಂಡಾಯಿತು. ಹತ್ತನೆಯದು ದುಂಡಗೆ ಉಬ್ಬಿತು. ಆ ದಿನ ಎಲ್ಲ ಹುಡುಗಿಯರನ್ನೂ ಕರೆದು ತೋರಿಸಿದಳು: "ಮೈಸೂರ ಬಾಯಾರ ರೊಟ್ಟಿ ಉಬ್ಬಿತು, ನೋಡ್ ಬರ್ರಿ!" ನನಗೆ ಡಿಗ್ರಿ ಬಂದಷ್ಟು ಸಂತೋಷವಾಗಿತ್ತು. ಈ ಸುದ್ದಿಯನ್ನು ಮಾತ್ರ ನಾನು ಸಾವಿತ್ರಿಗೆ ಬರೆಯಲಿಲ್ಲ, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ನಾನು ಬಂದ ಎರಡನೆಯ ವರ್ಷ ನಾಗವ್ವನಿಗೆ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೆ ಸನದು ಸಿಗುತ್ತದೆ, ಅಂದರೆ ಸರ್ಕಾರಿ ಮೊಹರಿನ ಪ್ರಮಾಣಪತ್ರ. ಸನದು ಇದ್ದರೆ ಕಲಬುರ್ಗಿಗೆ ಹೋಗಿ ಮಾಸ್ತರಿಕೆ ಕಲಿಯಬಹುದು. ಇಲ್ಲದಿದ್ದರೆ ಮಂಗಳೂರಿನ ಒಂದು ಮನೆಯವರು ಗಂಡನ್ನು ಇಟ್ಟುಕೊಂಡು ಕಾಯುತ್ತಿದ್ದರು. ಪರೀಕ್ಷೆ ಆಗುವ ತನಕ ಮಾತ್ರ ಎಂದು ಅವಳಪ್ಪ ಅವರಲ್ಲಿ ಗಡುವು ಕೇಳಿಕೊಂಡಿದ್ದ. ಇದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಗೊತ್ತಿರಲಿಲ್ಲ ಎಂದು ಆಮೇಲೆ ನುಣುಚಿಕೊಳ್ಳಬಾರದಲ್ಲ.

ಪ್ರತಿವರ್ಷ ಪರೀಕ್ಷೆಗೆ ಒಬ್ಬ ಹೆಂಗಸು ಅಧಿಕಾರಿ ಬರುತ್ತಿದ್ದರು. ಆ ವರ್ಷ ಅವರು ಕಾಯಿಲೆ ಬಿದ್ದು, ಬದಲಿಗೆ ಒಬ್ಬ ಗಂಡಸು ಸಾಹೇಬರು ಬರುವರೆಂದು ಹುಕುಂ ಬಂತು. ಬಂಡಿಯ ಮನೆಗಳವರು, ನಮ್ಮ ಹುಡುಗಿಯರನ್ನು ಪರಗಂಡಸಿನೆದುರು ನಿಲ್ಲಿಸುವುದಿಲ್ಲ ಎಂದರು. ಸಾಹೇಬರು ಒಳ್ಳೆಯವರು, ಹಾಗಾದರೆ ಪರದೆಯ ಹಿಂದಿನಿಂದಲೇ ಉತ್ತರ ಹೇಳಲಿ ಎಂದು ಒಪ್ಪಿದರು. ಮೊದಲು ಬಾಯಿಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಮಾತ್ರ ಬರೆಯುವ ಪರೀಕ್ಷೆ. ಬರೆಯುವುದು ಶಾಲೆಯೊಳಗೆ, ನಮ್ಮ ಕಣ್ಣೆದುರಿಗೇ. ಅಲ್ಲಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹೆಡ್ ಮಿಸ್ಟ್ರೆಸ್ ಗಂಗಾಬಾಯಿ. ರಾಯಚೂರಿನ ಕಡೆಯವರು, ನನ್ನಂತೆಯೇ ಗಂಡನಿಲ್ಲದವರು, ಇಪ್ಪತ್ತು ವರ್ಷ ಈ ಶಾಲೆಯನ್ನು ಬೆನ್ನ ಮೇಲೆ ಹೊತ್ತವರು. ಪರೀಕ್ಷೆಯ ಹಿಂದಿನ ಮಧ್ಯಾಹ್ನ ನನ್ನನ್ನು ಕರೆದರು.

"ಬಂಡಿ ಹುಡಿಗ್ಯಾರು ಐದು ಮಂದಿ ದಡ್ಡ ಅದಾರ" ಎಂದರು. "ಶಾಂತಾ ದೊಡ್ಡ ಸಾಹುಕಾರ್ರ ಮೊಮ್ಮಗಳು. ಆಕಿ ಫೇಲಾದ್ರ ಈ ವಾಡೇದಾಗ ನಾವು ನಾಳಿಂದ ಇರಂಗಿಲ್ಲ. ನಾಗವ್ವನ್ನ ಪರದೆ ಮುಂದ ಕುಂದರಸ್ರಿ. ಯಾರ ಹೆಸರು ಕರದರೂ ಆಕಿ ಹೇಳಲಿ. ಸಾಹೇಬ್ರಿಗೆ ಏನ ಕಾಣತೈತಿ?"

 ಒಳಗೆ ಹೇಸಿಗೆಯಾಯಿತು ನಿಜ. ಆದರೆ ಈ ಊರಿಗೆ ಬಂದಾಗಿನಿಂದ ನನಗೆ ಹೇಸಿಗೆ ಆಗದಿದ್ದದ್ದು ಯಾವುದು? ರೊಟ್ಟಿಯಂತೆ, ನೀರಿನಂತೆ, ನೊಣದಂತೆ ಇದೂ ಒಂದು ಎಂದುಕೊಂಡೆ. ಇವರ ಊರು, ಇವರ ಪದ್ಧತಿ, ಇವರು ಹೀಗೇ, ಇನ್ನು ಕೆಲವು ತಿಂಗಳು ಕಳೆದರೆ ನಾನು ಮೈಸೂರಿನಲ್ಲಿ ಇರುತ್ತೇನೆ. ಅಸಹ್ಯಪಟ್ಟುಕೊಳ್ಳುವವರಿಗೆ ಇದೊಂದು ಸೌಕರ್ಯ ಇರುತ್ತದೆ, ತಾವು ಅದರಲ್ಲಿ ಸೇರಿಲ್ಲ ಎಂದುಕೊಂಡು ಕೈ ತೊಳೆಯಬಹುದು. ಸಂಜೆ ನಾನೇ ನಾಗವ್ವನಿಗೆ ಹೇಳಿದೆ. 

"ನನ್ನ ಹೆಸರು ಬಂದಾಗ?" ಎಂದು ಕೇಳಿದಳು.

"ನಿನ್ನದು ಕೊನೆಗೆ ಬರುತ್ತದೆ. ಆಗ ನಿನ್ನದನ್ನು ನೀನು ಹೇಳು" ಎಂದೆ.

ಮಾರನೆಯ ಬೆಳಿಗ್ಗೆ ಸಾಹೇಬರು ಬಂದು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತರು, ಪಕ್ಕದಲ್ಲಿ ಮುನ್ಷಿಯವರು. ಈಚೆ ಒಂಬತ್ತು ಹುಡುಗಿಯರು, ನಾನು, ಗಂಗಾಬಾಯಿ. "ಶಾಂತಾಬಾಯಿ" ಎಂದು ಹೆಸರು ಕೂಗಿದರು. ನಾಗವ್ವ ಮೆಲ್ಲಗಿನ ಮುದ್ದು ದನಿಯಲ್ಲಿ ಉರ್ದು ಪದ್ಯ ಹೇಳಿದಳು, ಮನಗಣಿತ ಮಾಡಿದಳು. ಶಾಂತಾ ಅವಳ ಪಕ್ಕದಲ್ಲೇ ಕೂತು ಬಳೆ ತಿರುಗಿಸುತ್ತಿದ್ದಳು. ಎರಡನೆಯವಳಿಗೆ ಮೂಗಿನಿಂದ ಮಾತಾಡಿದಳು. ಮೂರನೆಯವಳಿಗೆ ತೊದಲಿದಳು. ನಾಲ್ಕನೆಯವಳಿಗೆ ಬೇಕೆಂದೇ ಒಂದು ಲೆಕ್ಕ ತಪ್ಪು ಹೇಳಿ ತಿದ್ದಿಕೊಂಡಳು. ಹುಡುಗಿಯರು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಅದನ್ನೂ ಬರೆಯಲೇಬೇಕು. ಇದನ್ನು ಸಾವಿತ್ರಿಗೆ ಹೇಗೆ ಬರೆಯಬೇಕೆಂದು ಆಗಲೇ ನನ್ನ ತಲೆಯಲ್ಲಿ ಸಾಲುಗಳು ಏಳುತ್ತಿದ್ದವು.

ಐದು ಜನರದು ಮುಗಿಯಿತು. ಉಳಿದ ಮೂವರು ತಮ್ಮದನ್ನು ತಾವೇ ಹೇಳಿದರು. ಕೊನೆಗೆ ನಾಗವ್ವನ ಹೆಸರನ್ನು ಸಾಹೇಬರು ತಮ್ಮ ಬಾಯಿಗೆ ಬಂದಂತೆ "ನಾಗಮ್ಮ, ಬೇವೂರ್" ಎಂದು ಕರೆದರು. ನಾಗವ್ವ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಆ ದಿನ ಮೊದಲನೆಯ ಸಲ ತನ್ನ ಸ್ವಂತ ದನಿಯಲ್ಲಿ ಶುರುಮಾಡಿದಳು. ಎಷ್ಟು ಬದಲಾಯಿಸಿದರೂ ದನಿಯ ಬೇರು ಒಂದೇ ಇರುತ್ತದೆ. ನಾಲ್ಕು ಸಾಲು ಆಗುವುದರೊಳಗೆ ಆಚೆಯಿಂದ ಸಾಹೇಬರು ತಡೆದರು.

"ಠಹರೋ. ಈ ಆವಾಜ್ ಆಗಳೇ ಬಂದ್ ಹೋಗ್ಯಾದ" ಎಂದರು. "ಒಬ್ಬ ಹುಡುಗಿ ಎರಡ್ ಸಲ ಹೇಳ್ಲಾಕತ್ಯಾಳ. ಯಾರ ಅದೀರಿ ಅಲ್ಲಿ, ಉಸ್ತಾನಿ? ಹೇಳ್ರಿ, ಈಕಿ ಹೊಸ ಹುಡುಗಿ ಏನು?"

ಉಸ್ತಾನಿ ಎಂದರೆ ಉಪಾಧ್ಯಾಯಿನಿ. ಅಂದರೆ ನಾನು. ಗಂಗಾಬಾಯಿ ನನ್ನ ಮೊಣಕೈಯನ್ನು ಉಗುರು ನಾಟುವಂತೆ ಹಿಡಿದರು. ನಾಗವ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯವೇನೂ ಇರಲಿಲ್ಲ. ಲೆಕ್ಕ ಕೇಳಿ ಉತ್ತರಕ್ಕೆ ಕಾಯುವಾಗ ನಾನು ಅವಳನ್ನು ನೋಡುತ್ತಿದ್ದೆನಲ್ಲ, ಹಾಗೆ ನನ್ನನ್ನು ನೋಡಿದಳು.

"ಹೇಳ್ರಿ ಬಾಯಾರ" ಎಂದು ಪಿಸುಗುಟ್ಟಿದಳು.

ನಾನು ಹೇಳಲಿಲ್ಲ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆಚೆ ಕಾಗದದ ಮೇಲೆ ಲೇಖನಿ ಗೀಚಿದ ಸದ್ದು ಕೇಳಿಸಿತು. ಮೊದಲೇ ಹೇಳಿ ಮುಗಿಸಿದ ಯಾರೋ ಈ ಹೆಸರಿನಲ್ಲಿ ಮತ್ತೆ ಹೇಳುತ್ತಿದ್ದಾಳೆಂದು ನಾಗವ್ವನ ಹೆಸರಿಗೇ ಗೆರೆ ಬಿತ್ತು. ಕುರ್ಚಿ ಸರಿದ ಸದ್ದು, ಬೂಟಿನ ಸದ್ದು, ಎಲ್ಲ ಮುಗಿಯಿತು. ಬಂಡಿಯ ಹುಡುಗಿಯರು ಐದೂ ಜನ ಪಾಸು.

ಮುನ್ಷಿಯವರು ಹೊರಡುವಾಗ ಪರದೆಯ ಬಳಿ ನಿಂತರು. "ಬಾಯಿ ಸಾಹೇಬ, ನನಗ ಕಣ್ಣು ಮಬ್ಬು ಆಗ್ಯಾವ" ಎಂದರು. "ಕಿವಿ ಇನ್ನಾ ಛಲೋ ಅದಾವ. ನನ್ನನ್ನ ಅವರು ಕೇಳಲಿಲ್ಲ, ನಿಮ್ಮನ್ನ ಕೇಳಿದ್ರು." ಕೆಮ್ಮುತ್ತ ಮೆಟ್ಟಿಲಿಳಿದು ಹೋದರು.

ಮಾರನೆಯ ದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ಸಿಹಿನೀರಿನ ಕೊಡ ಎಂದಿನಂತೆ ಇತ್ತು. ನಾಗವ್ವ ಅದನ್ನು ಇಟ್ಟು, ಗಂಟು ಕಟ್ಟಿಕೊಂಡು, ಬೇವೂರಿನ ಕಡೆ ಹೋಗುವ ಬಂಡಿ ಹತ್ತಿ ಹೋಗಿದ್ದಳು. ಆ ನೀರನ್ನು ಕುಡಿಯಲು ಹೋದೆ. ಹಗೇವಿನ ನಾತಕ್ಕೆ ಬಂದಿದ್ದ ವಾಂತಿ ಈ ಸಲ ಸಿಹಿನೀರಿಗೆ ಬಂತು. ಅಲ್ಲಿಯ ತನಕ ನಾನು ಊರಿನ ಮೇಲೆ ಹೇಸಿಕೊಂಡಿದ್ದೆ. ಈಗ ಹೇಸಿಗೆ ನನ್ನ ಮೈಯೊಳಗೇ ಇತ್ತು, ಅದನ್ನು ಕಲ್ಲಿನ ಮೇಲೆ ಇಟ್ಟು ಬರುವ ಹಾಗಿರಲಿಲ್ಲ.

ಎರಡು ವಾರ ಹೇಗೋ ತಳ್ಳಿದೆ. ಮೈಸೂರಿಗೆ ಹೋಗಲು ಟ್ರಂಕು ತುಂಬಿದೆ. ತುಂಬಿದ ಟ್ರಂಕನ್ನು ಹಾಗೇ ಬಿಟ್ಟು, ಅರ್ಧ ದಾರಿ ಸರ್ವಿಸ್ ಮೋಟಾರಿನಲ್ಲಿ, ಉಳಿದರ್ಧ ಚಕ್ಕಡಿಯಲ್ಲಿ ಬೇವೂರಿಗೆ ಹೋದೆ. ಕುಯಿಲಾದ ಹೊಲಗಳಲ್ಲಿ ಜೋಳದ ಕೂಳೆ ಬಿಟ್ಟರೆ ಏನೂ ಇಲ್ಲ. ಹನಮಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ ಬಾಯಾರ, ಬರ್ರಿ. ಕುಂದರ್ರಿ" ಎಂದು ಕಂಬಳಿ ಹಾಸಿದ. ತಂಬಿಗೆಯಲ್ಲಿ ನೀರು ತಂದಿಟ್ಟ. ಆ ನೀರೂ ಉಪ್ಪೇ. ಕುಡಿದೆ. ಒಳಬಾಗಿಲ ಹಿಂದೆ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ನಾನು ಬಾಯಿ ತೆರೆಯುತ್ತಲೇ ಅದು ನಿಂತಿತು.

"ಈ ವೈಶಾಖದಾಗ ಲಗ್ನ ಇಟ್ಗೊಂಡೀವ್ರಿ" ಎಂದ ಹನಮಪ್ಪ. ಆಮೇಲೆ ಹಗ್ಗ ನೋಡುತ್ತ ಕೇಳಿದ: "ನಮ್ಮ ಹುಡಿಗಿಗೆ ಏನೂ ಬರಲಿಲ್ಲೇನ್ರಿ? ಕೇಳಿದ್ರ ಆಕಿ ಬಾಯಿನ ಬಿಡವಲ್ಲಳು."

ನಾನು ಎಲ್ಲವನ್ನೂ ಹೇಳಿದೆ. ಪರದೆ, ಐದು ಹೆಸರು, ನಾನು ಕೂರಿಸಿದ್ದು, ನಾನು ನಕ್ಕದ್ದು, ಸಾಹೇಬರು ಕೇಳಿದ್ದು, ನಾನು ಸುಮ್ಮನಿದ್ದದ್ದು. ನಡುವೆ ಎಲ್ಲೂ ಗಂಗಾಬಾಯಿಯ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನ್ನ ಪಾಲು ಸಣ್ಣದಾಗುತ್ತಿತ್ತು. ಹನಮಪ್ಪ ಬಹಳ ಹೊತ್ತು ಹಗ್ಗದ ತುದಿ ಬಿಚ್ಚಿ ಹೊಸೆದು, ಬಿಚ್ಚಿ ಹೊಸೆದು ಮಾಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾರ ನನ್ನ ಮಗಳು ಐದ ಸಲ ಪಾಸಾಗ್ಯಾಳ" ಎಂದ. "ಐದ ಸಲ ಪಾಸಾದಾಕಿಗೆ ಒಂದ ಚೀಟಿ ಇಲ್ಲೇನ್ರಿ?"

ನನಗೆ ಅಳು ಬಂತು. ಅವನು ಅದನ್ನು ನೋಡದವನಂತೆ ಎದ್ದು ಬಾಗಿಲ ಕಡೆ ಹೋದ. ಒಳಗೆ ಮಗಳಿಗೆ ಏನೋ ಕೇಳಿದ, ಅವಳು ಏನೋ ಹೇಳಿದಳು. ನಾನು ಈಚೆ ಕೂತು ಆ ದನಿಗೆ ಕಿವಿಗೊಟ್ಟೆ, ಮಾತು ತಿಳಿಯಲಿಲ್ಲ. ಅವನು ಹೊರಗೆ ಬಂದು ಹೇಳಿದ: "ಮುಂದಿನ ವರ್ಷ ಇನ್ನೊಮ್ಮಿ ಕುಂದರ್ತಾಳಂತ. ಮಂಗಳೂರವರು ಕಾದ್ರ ಕಾಯಲಿ, ಇಲ್ಲಂದ್ರ ಬಿಡಲಿ. ಆದ್ರ ಒಂದ ಮಾತ್ರಿ. ಆಕೀ ಹೆಸರ ಮೊದಲ ಕರೀಬೇಕು."

ಆಗಲಿ ಎಂದೆ. ಮೈಸೂರಿಗೆ ಬೇಸಿಗೆ ರಜೆಗೆಂದು ಮಾತ್ರ ಹೋದೆ. ಮನೆಗೆ ಕಾಲಿಟ್ಟ ದಿನವೇ ಸಾವಿತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದಳು. "ಅಕ್ಕ, ಆ ಪರದೆ ಕತೆ ಹೇಳೇ, ಆ ಮುದುಕ ಮುನ್ಷಿ ಕೆಮ್ಮೋದು ಮಾಡಿ ತೋರ್ಸೇ" ಎಂದಳು. ನಾನು ಟ್ರಂಕು ಬಿಚ್ಚುತ್ತ ಕೂತೆ. ಒಬ್ಬರು "ಆ ಕಡೆಯವರಿಗೆ ಓದು ಯಾಕೆ ಬೇಕಮ್ಮ, ಹುಣಿಸೇಹಣ್ಣಿಗೂ ಅಫೀಮಿಗೂ ವ್ಯತ್ಯಾಸ ತಿಳಿಯೋಲ್ಲ" ಎಂದರು. ನಡುಮನೆ ತುಂಬ ನಗು. ಆ ನಗುವನ್ನು ಬರೆದು ಕಳಿಸಿದವಳು ನಾನೇ. ಕೇಳಿ ನನಗೆ ಮೈಯೆಲ್ಲ ಕಂಬಳಿಹುಳ ಹರಿದಂತಾಯಿತು. "ಸಾಕು ಸುಮ್ಮನಿರ್ರಿ" ಎಂದುಬಿಟ್ಟೆ. ಎಲ್ಲರೂ ಗಪ್ಪಾದರು. ಆಮೇಲೆ ಸಾವಿತ್ರಿ "ಅಕ್ಕನಿಗೂ 'ರಿ' ಅಂಟಿತು" ಎಂದಳು, ಮತ್ತೆ ನಗು. ನಲ್ಲಿಯ ನೀರು ಕುಡಿದೆ. ಚೆನ್ನಾಗಿಯೇ ಇತ್ತು, ಆದರೆ ಬಾಯಿಗೆ ಸಪ್ಪೆ ಎನಿಸಿತು.

ಅಪ್ಪ ಅಷ್ಟರಲ್ಲಿ ಮೈಸೂರಿನ ಒಂದು ಶಾಲೆಯಲ್ಲಿ ನನಗೆ ಜಾಗ ಮಾತಾಡಿಟ್ಟಿದ್ದರು. ಒಂದು ವರ್ಷ ತಡೆಯಿರಿ ಎಂದೆ. ಅವರು ಕಾರಣ ಕೇಳಿದರು. ಒಬ್ಬ ಹುಡುಗಿಯ ಹೆಸರು ಕರೆಯುವುದಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ನಾಗವ್ವ ಜೂನ್‌ನಲ್ಲಿ ವಾಪಸು ಬಂದಳು. ಮಂಗಳೂರಿನವರು ಕಾಯಲಿಲ್ಲ. ಅವಳು ನನ್ನ ಪಾಠ ಕೇಳಿದಳು, ಕೇಳಿದ ಪ್ರಶ್ನೆಗೆ ಉತ್ತರ ಹೇಳಿದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ನನ್ನ ಬಾಗಿಲಿಗೆ ಕೊಡ ಬರಲಿಲ್ಲ. ನಾನೇ ಸಿಹಿನೀರಿನ ಬಾವಿಗೆ ಹೋಗಬಹುದಿತ್ತು, ಹೋಗಲಿಲ್ಲ. ಎಲ್ಲರೂ ಕುಡಿಯುವ ಸವಳು ನೀರನ್ನೇ ಕುಡಿದೆ. ಮೂರು ತಿಂಗಳಿಗೆ ಹೊಟ್ಟೆ ಒಗ್ಗಿತು.

ಪರೀಕ್ಷೆಗೂ ಹೆಸರು ಕರೆಯುವುದು ಹಾಜರಿ ಪುಸ್ತಕದಿಂದಲೇ. ಅದನ್ನು ನಾನು ಹೊಸದಾಗಿ ಬರೆದೆ, ನಾಗವ್ವನ ಹೆಸರು ಮೊದಲು. ಗಂಗಾಬಾಯಿ ಕೂಗಾಡಿದರು. "ಬಂಡಿ ಮನಿಯವರು ಏನಂದಾರು?" ಎಂದರು. ಯಾರಾದರೂ ಈ ಪುಸ್ತಕ ತಿದ್ದಿದರೆ ಪರೀಕ್ಷೆಯ ದಿನ ನಾನು ಪರದೆ ಎತ್ತುತ್ತೇನೆ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಹೇಸಿಗೆ ಇತ್ತು. "ಇಪ್ಪತ್ತು ವರ್ಷ ಈ ಸಾಲಿ ಉಳಿಸೀನಿ. ನೀವು ಮೈಸೂರಿಗೆ ಹೋಗಾಕಿ, ನಿಮಗೇನ್ರಿ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಆ ವರ್ಷವೂ ಅದೇ ಸಾಹೇಬರು ಬಂದರು. ಅದೇ ಕುರ್ಚಿ, ಅದೇ ಜಮಖಾನೆ. ಹೆಸರು ಕರೆಯುವುದಕ್ಕೂ ಕಾಯದೆ ನಾಗವ್ವ ಎದ್ದು ನಿಂತು "ನಾಗವ್ವ, ಹನಮಪ್ಪನ ಮಗಳು, ಬೇವೂರು" ಎಂದಳು. 

"ಈ ಆವಾಜ್ ನನಗ ಗುರ್ತದ" ಎಂದರು ಸಾಹೇಬರು.

ಈ ಸಲ ಯಾರೂ ನನ್ನನ್ನು ಕೇಳಿರಲಿಲ್ಲ.  "ಹೌದು ಸಾಹೇಬರೆ" ಎಂದೆ. "ಹೋದ ವರ್ಷ ನೀವು ಐದು ಹೆಸರಿಗೆ ಕೇಳಿದ ದನಿ ಈ ಒಬ್ಬಳದೇ. ಕೊನೆಯದೊಂದೇ ಅವಳ ಸ್ವಂತದ್ದು, ಅದನ್ನೇ ನೀವು ಹೊಡೆದುಹಾಕಿದಿರಿ. ಕೂರಿಸಿದವಳು ನಾನು. ನೀವು ಕೇಳಿದಾಗ ಸುಮ್ಮನಿದ್ದವಳೂ ನಾನೇ."

ಮುನ್ಷಿಯವರು ಕೆಮ್ಮಿದರು. ಗಂಗಾಬಾಯಿ ಗೋಡೆಗೆ ಒರಗಿ ಕೂತುಬಿಟ್ಟರು. ಸಾಹೇಬರು ಏನೋ ಬರೆದರು, ಬರೆದದ್ದನ್ನು ಹೊಡೆದರು. "ಹೋದ ವರ್ಷದ ದಫ್ತರ್ ಬಂದ್ ಆಗ್ಯಾದ" ಎಂದರು ಕೊನೆಗೆ. "ಹೇಳವ್ವ, ಸಬಕ್ ಹೇಳು." ನಾಗವ್ವ ಪಾಠ ಹೇಳಿದಳು. ಅವರು ಅವಳನ್ನು ಉಳಿದವರಿಗಿಂತ ಎರಡು ಪಟ್ಟು ಹೊತ್ತು ಕೇಳಿದರು, ಒಂದನ್ನೂ ಅವಳು ಬಿಡಲಿಲ್ಲ. ಆ ವರ್ಷ ಬಂಡಿಯ ಹುಡುಗಿಯರಲ್ಲಿ ಇಬ್ಬರು ತಮ್ಮ ಬಾಯಿಂದಲೇ ಹೇಳಿ ಪಾಸಾದರು, ಮೂವರು ಫೇಲಾದರು. ಮೂರು ಮನೆಗಳ ಬಂಡಿ ಬರುವುದು ನಿಂತಿತು. ವಾಡೆಯಿಂದ ಮಾತ್ರ ಯಾರೂ ನಮ್ಮನ್ನು ಹೊರಗೆ ಹಾಕಲಿಲ್ಲ. ಅಷ್ಟು ಹೆದರಿದ್ದೆವಲ್ಲ ಎಂದು ಆಮೇಲೆ ಇನ್ನಷ್ಟು ನಾಚಿಕೆಯಾಯಿತು.

ಸನದು ಬಂದ ಮೇಲೆ ನಾಗವ್ವ ಕಲಬುರ್ಗಿಗೆ ಹೊರಟಳು. ಹನಮಪ್ಪ ಬಂಡಿ ತಂದಿದ್ದ. ಅವಳು ಗಂಗಾಬಾಯಿಯ ಕಾಲಿಗೆ ನಮಸ್ಕಾರ ಮಾಡಿದಳು, ಅಡುಗೆಯವಳ ಕಾಲಿಗೆ ಮಾಡಿದಳು, ಪರದೆಯ ಈಚೆಯಿಂದ ಮುನ್ಷಿಯವರಿಗೂ ಕೈಮುಗಿದಳು. ನನ್ನ ಮುಂದೆ ಬಂದು ನೆಟ್ಟಗೆ ನಿಂತಳು. ಬಗ್ಗಲಿಲ್ಲ.

"ಬರ್ತೀನ್ರಿ ಬಾಯಾರ" ಎಂದಳು. ಹೋದಳು.

ಮೈಸೂರಿನ ಜಾಗವನ್ನು ನಾನು ಬೇಡವೆಂದು ಬರೆದೆ. ಅಪ್ಪ ಕಾರಣ ಕೇಳಿ ಕಾಗದದ ಮೇಲೆ ಕಾಗದ ಹಾಕಿದರು. ಈ ಬರಹವನ್ನೇ ಉತ್ತರವೆಂದು ತಿಳಿಯಬೇಕು. ಕೊಪ್ಪಳ ನನಗೆ ಹಿಡಿಸಿತೆಂದು ಅಲ್ಲ. ಹಗೇವಿನ ನಾತ ನಾತವೇ. ಕರೋಡಗಿರಿಯ ಜವಾನ ಈಗಲೂ ನನ್ನ ಟ್ರಂಕು ಬಿಚ್ಚಿಸುತ್ತಾನೆ, "ಈ ಸಲ ಹುಣಸಿಹಣ್ಣ ತಂದಿಲ್ಲೇನ್ರಿ?" ಎಂದು ಕೇಳುತ್ತಾನೆ, ನಾನು ಅವನಿಗೆಂದೇ ಸಣ್ಣದೊಂದು ಜಾಡಿ ತರುತ್ತೇನೆ. ಇಲ್ಲಿ ನಾನು ಎಂದೆಂದಿಗೂ ಮೈಸೂರ ಬಾಯಾರು. ಅಲ್ಲಿಗೆ ಹೋದರೆ ಕೊಪ್ಪಳದವಳು. ಅಲ್ಲಿ ನನ್ನನ್ನು ಎಲ್ಲರೂ ಒಳ್ಳೆಯವಳೆಂದು ತಿಳಿದಿದ್ದಾರೆ, ದೂರದ ಕೊಳಕು ಊರಿನಲ್ಲಿ ಹೆಣ್ಣುಮಕ್ಕಳಿಗೆ ವಿದ್ಯೆ ಕೊಡುತ್ತಿದ್ದಾಳೆ ಎಂದು ಹೊಗಳುತ್ತಾರೆ. ಅದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ಈ ಅಂಗಳದಲ್ಲಿ ಒಬ್ಬ ಹುಡುಗಿ ನನ್ನನ್ನು ಸರಿಯಾಗಿ ನೋಡಿ, ಬಗ್ಗದೆ ಹೋದಳು. ಅವಳು ಅಂದು ನನ್ನ ಕಾಲು ಮುಟ್ಟಿದ್ದರೆ ನಾನು ಆ ಸಂಜೆಯೇ ಮೈಸೂರಿನ ರೈಲು ಹತ್ತಿರುತ್ತಿದ್ದೆ.